ಮುಳ್ಳತಂತಿಗೆ ಸಿಕ್ಕ ಧೋತರ

ಬೇಲಿ ಹಾಕಿಸುವ ಗುತ್ತಿಗೆ ನನ್ನದು. ಹೆಣ್ಣುಮಗಳು ಬಂದು ನಿಂತರೆ ಜನ ಮೊದಲು ಕೇಳುವುದು, "ಮಾಲಕರು ಬರಲಿಲ್ಲೇನ್ರಿ?" ಬೆಲ್ಲದ ಬಾಗೇವಾಡಿಯ ಕಾಕಾ ಕೂಡ ಅದನ್ನೇ ಕೇಳಿದರು. ಮೂಡಲಗಿಯ ಗಾಡಿ ಓಟದ ಶರ್ಯತ್ತಿನಲ್ಲಿ ಗೆದ್ದ ಕುದುರೆ ಅವರದು. ಅದು ಮೇಯುವ ಹೊಲಕ್ಕೆ ಮೂರು ಬದಿ ಕಲ್ಲಿನ ಗೋಡೆ ಇತ್ತು, ರಸ್ತೆ ಬದಿಗೆ ಬೇಲಿ ಬೇಕಿತ್ತು.

"ಮುಳ್ಳತಂತಿ ತಂದಿಟ್ಟೇನಿ, ಎಳೀರಿ," ಅಂದರು.

"ಬ್ಯಾಡ್ರಿ ಕಾಕಾ. ಕುದುರಿ ಬೆದರಿದ್ರ ಮೊದಲ ಓಡತೈತಿ, ಆಮ್ಯಾಲ ನೋಡತೈತಿ. ತಂತಿ ಅದರ ಕಣ್ಣಿಗೆ ಬೀಳೂದಿಲ್ಲ, ಕಾಲು ಹರ್ಕೋತೈತಿ. ಕಲ್ಲಿನ ಕಂಬ ನಿಲ್ಲಿಸಿ ಅಗಲ ಪ್ಲಾಸ್ಟಿಕ್ ಪಟ್ಟಿ ಬಿಗೀತೀನಿ. ಒರಲಿ ಹುಳ ಹತ್ತೂದಿಲ್ಲ, ತುಕ್ಕೂ ಹಿಡಿಯೂದಿಲ್ಲ."

"ಕುದುರಿ ಸಾಕಿದಾಂವ ನಾನೋ, ನೀವೋ?"

ನನಗೂ ಸಿಟ್ಟು ಬಂತು. "ನಿಮಗ ಒಪ್ಪಿಗೆ ಆಗಲಿಲ್ಲಂದ್ರ ಪಟ್ಟಿ ನಾನ ಬಿಚ್ಚಿ, ನಿಮ್ಮ ತಂತಿ ಎಳೀತೀನಿ," ಅಂದೆ. ಗೊಣಗುತ್ತಲೇ ಒಪ್ಪಿದರು.

ಕೆಲಸ ಮುಗಿದು ಕುದುರೆ ಬಿಟ್ಟ ಸ್ವಲ್ಪ ಹೊತ್ತಿಗೆ, ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ಬಂತು. ಬೆದರಿದ ಕುದುರೆ ನೆಟ್ಟಗೆ ಬೇಲಿಗೇ ನುಗ್ಗಿತು. ಕಾಕಾ ಕಣ್ಣು ಮುಚ್ಚಿಕೊಂಡರು. ಪಟ್ಟಿ ಜಗ್ಗಿತು, ಬಾಗಿತು, ಕುದುರೆಯನ್ನು ಮೆತ್ತಗೆ ಹಿಂದಕ್ಕೆ ತಳ್ಳಿತು. ಕಾಕಾ ಓಡಿಹೋಗಿ ನಾಲ್ಕೂ ಕಾಲು ತಡವಿದರು. ಒಂದು ಗೀರೂ ಇರಲಿಲ್ಲ.

ಬೇಲಿಯನ್ನು ಕಣ್ತುಂಬ ನೋಡುತ್ತ ಹಿಂದೆ ಹಿಂದೆ ಸರಿದ ಅವರ ಧೋತರ, ಅವರೇ ತಂದಿಟ್ಟಿದ್ದ ಮುಳ್ಳತಂತಿಯ ಸುರುಳಿಗೆ ಸಿಕ್ಕಿತು. ಜಗ್ಗಿದಷ್ಟೂ ಇನ್ನಷ್ಟು ಸಿಕ್ಕಿಕೊಂಡಿತು.

"ಒದ್ದಾಡಬ್ಯಾಡ್ರಿ ಕಾಕಾ," ಅಂದೆ. "ಕುದುರಿನೂ ಹಿಂಗ ಮಾಡತೈತಿ."

ಕಾಕಾ ಧೋತರ ಎರಡೂ ಕೈಯಲ್ಲಿ ಹಿಡಿದುಕೊಂಡೇ ಅಂದರು: "ಮಾಲಕರ, ಮೊದಲ ನನ್ನ ಬಿಡಸ್ರಿ."