ಮುದ್ದೆಯಾಗಿದ್ದ ಪರಮಾಣು

ನೀವು ಪರಮಾಣುವನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದ್ದೀರಾ? ತಲೆಯಾಡಿಸಬೇಡಿ, ಕೋಲಾರದ ಕಡೆಯವರಾದರೆ ನುಂಗಿಯೇ ಇರುತ್ತೀರಿ. ಈಗ ತಾನೇ ಮುದ್ದೆ ತಿರುವಿಟ್ಟು ಬಂದು ಕೂತೆ. ಕೈಯಲ್ಲಿನ್ನೂ ರಾಗಿಯ ಘಮ. ಬೆರಳಿಗಂಟಿದ ಹಿಟ್ಟಿನಿಂದಾಗಿ ಈ ಫೋನು ಒಂದು ಒತ್ತಿದರೆ ಇನ್ನೊಂದು ಬರೆಯುತ್ತಿದೆ. ಈ ವಯಸ್ಸಿನಲ್ಲಿ ಟೈಪಿಂಗ್ ಕಲಿತ ಕರ್ಮ. ಆ ಘಮಕ್ಕೇ ಲಕ್ಷ್ಮೀದೇವಿ ನೆನಪಾದಳು.

ಬೈರಕೂರಿನ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದಾಗಿನ ಮಾತು. ಒಂಬತ್ತನೆಯ ತರಗತಿಗೆ ಪರಮಾಣುವಿನ ಪಾಠ ಬಂತೆಂದರೆ ನನಗೆ ತಲೆನೋವು. ವಿಜ್ಞಾನಿಗಳು ಒಬ್ಬರಾದ ಮೇಲೊಬ್ಬರು ಊಹಿಸಿದ ಮಾದರಿಗಳನ್ನೆಲ್ಲ ಹೇಳಬೇಕು. ಅವರ ಹೆಸರು ಕೇಳಬೇಡಿ, ಟೈಪ್ ಮಾಡಲು ಬೆರಳು ಒಪ್ಪುವುದಿಲ್ಲ. ಮೊದಲನೆಯವನು ಪರಮಾಣು ಒಡೆಯಲಾಗದ ಗಟ್ಟಿ ಉಂಡೆ ಎಂದ. ನಾನು ಮುದ್ದೆ ತೋರಿಸಿದೆ. ಒಬ್ಬ ಮಹಾರಾಯ ಉತ್ತರಪತ್ರಿಕೆಯಲ್ಲಿ, ಆದ್ದರಿಂದ ಪರಮಾಣುವನ್ನು ಅಗಿಯದೆ ನುಂಗಬೇಕು ಎಂದು ಬರೆದ. ಮುದ್ದೆ ಅಗಿಯುವವರನ್ನು ಕಂಡರೆ ನಮ್ಮ ಕಡೆ ನಗುತ್ತಾರೆ, ಅವನದೇನು ತಪ್ಪು? ಎರಡನೆಯವನು ಉಂಡೆಯೊಳಗೆ ಎಲೆಕ್ಟ್ರಾನುಗಳು ಹುದುಗಿವೆ ಎಂದ. ಕಲ್ಲಂಗಡಿ ಕೊಯ್ದೆ. ಬೀಜ ತೋರಿಸುವಷ್ಟರಲ್ಲಿ ಸಿಪ್ಪೆಯಷ್ಟೇ ಉಳಿದಿತ್ತು.

ಮುಂದಿನ ಬೆಂಚಿನ ಲಕ್ಷ್ಮೀದೇವಿ ಮಾತ್ರ ತಿನ್ನದೆ ಎದ್ದು ನಿಂತಳು.

"ಮುದ್ದೆ ತಪ್ಪು ಅಂದ್ರಿ. ಕಲ್ಲಂಗಡೀನೂ ತಪ್ಪಂತೆ, ಮುಂದಿನ ಪುಟ ನೋಡಿದೀನಿ. ಎಲ್ಲಾ ಸರಿಹೋದ್ಮೇಲೆ ಹೇಳಿ ಮಿಸ್, ಒಂದೇ ಸಲ ಕಲೀತೀನಿ."

"ಕೂತ್ಕೊಳ್ಳೇ" ಎಂದೆ.

ಕೂತಳು, ಹಟ ಬಿಡಲಿಲ್ಲ. ಕಿರುಪರೀಕ್ಷೆಯಲ್ಲಿ ಮೊದಲ ಮಾದರಿಯನ್ನು ವಿವರಿಸಿ ಎಂದು ಕೇಳಿದರೆ, ಅದು ತಪ್ಪು ಎಂದಷ್ಟೇ ಬರೆದು ಎದ್ದುಹೋದಳು. ವರ್ಷದ ಕೊನೆಗೆ ಫೇಲಾದರೆ ಸ್ಕೂಲು ಬಿಡಿಸುತ್ತೇನೆಂದು ಅವರಪ್ಪ ನನ್ನೆದುರೇ ಹೇಳಿಹೋಗಿದ್ದ. ಬೈದೆ, ಗೋಗರೆದೆ. ತಪ್ಪೆಂದು ಗೊತ್ತಿದ್ದದ್ದನ್ನು ಬರೆಯುವುದಿಲ್ಲ ಎಂದಳು. ಇಂಥ ಪ್ರಾಮಾಣಿಕರ ಕೈಗೆ ಯಾವ ಮೇಷ್ಟರೂ ಸಿಗಬಾರದು.

ಮೂರನೆಯವನು ಪರಮಾಣುವಿಗೆ ಸಣ್ಣ ಕಣಗಳನ್ನು ಹೊಡೆದು ನೋಡಿದವನು. ಅವನ ಪಾಠದ ಹೊತ್ತಿಗೆ ರೋಸಿಹೋಗಿ ಇಡೀ ಕ್ಲಾಸನ್ನು ಸ್ಕೂಲಿನ ಹಿಂದಿನ ಮಾವಿನ ತೋಪಿಗೆ ಎಳೆದುಕೊಂಡು ಹೋದೆ. ಕಣ್ಣಿಗೆ ಗಟ್ಟಿ ಉಂಡೆಯಂತೆ ಕಾಣುವ ಒಂದು ಮರ ತೋರಿಸಿ, ಹೊಡೆಯಿರಿ ಕಲ್ಲು ಎಂದೆ. ಹೆಚ್ಚಿನವು ಎಲೆಗಳೊಳಗೆ ತೂರಿ ಆಚೆ ಬಿದ್ದವು. ಲಕ್ಷ್ಮೀದೇವಿಯದು ಮಾತ್ರ ಒಳಗೆಲ್ಲೋ ಬಡಿದು, ಹಿಂದಕ್ಕೆ ಚಿಮ್ಮಿ ಅವಳ ಕಾಲ ಬಳಿಯೇ ಬಿತ್ತು. ಪರಮಾಣುವೂ ಹಾಗೇ, ಬಹುಪಾಲು ಬರೀ ಖಾಲಿ, ನಡುವೆ ಗಟ್ಟಿಯಾದ ನ್ಯೂಕ್ಲಿಯಸ್ ಎಂದು ನಾನು ಹೇಳುವುದರೊಳಗೆ, ತೋಪಿನ ಫಸಲು ಗುತ್ತಿಗೆ ಹಿಡಿದಿದ್ದ ಸಾಬರು ಕೋಲು ಹಿಡಿದು ಬಂದರು.

"ಕ್ಯಾ ಮೇಡಂ, ಕಲ್ಲು ಹೊಡಿಯೋದೂ ಸ್ಕೂಲಲ್ಲಿ ಹೇಳ್ಕೊಡಬೇಕಾ? ಈ ಮಕ್ಕಳು ಹುಟ್ಟುವಾಗ್ಲೇ ಕಲ್ತಿರ್ತಾವೆ."

ನಾನು ಅವರ ಕೈಕಾಲು ಹಿಡಿಯುತ್ತಿದ್ದರೆ ಈ ಹುಡುಗಿ ಕಲ್ಲನ್ನೇ ನೋಡುತ್ತ ನಿಂತಿದ್ದಳು.

"ಕಲ್ಲಂಗಡಿ ಅಂದೋನು ಪೆದ್ದ ಅಲ್ಲ ಮಿಸ್. ಅವನ ಕಾಲಕ್ಕೆ ಯಾರೂ ಕಲ್ಲು ಹೊಡ್ದಿರ್ಲಿಲ್ಲ, ಅಷ್ಟೇ."

ವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ಮಾದರಿಗಳನ್ನೂ ಬರೆದಳು, ಪ್ರತಿಯೊಂದರ ಕೆಳಗೆ ಅದಕ್ಕೆ ಬಿದ್ದ ಕಲ್ಲು ಯಾವುದೆಂದೂ ಬರೆದಳು. ಪಾಸಾದಳು, ಸ್ಕೂಲು ಬಿಡಿಸುವ ಮಾತನ್ನು ಅವರಪ್ಪ ಬಿಟ್ಟ.

ಈಗ ಅವಳೇ ಮಾಲೂರಿನ ಕಡೆ ವಿಜ್ಞಾನದ ಮಿಸ್. ಕೈ ತೊಳೆದು ಬಂದು ಅವಳಿಗೊಂದು ಮೆಸೇಜು ಹಾಕಿದೆ: ಆವನಿ ಗುಡಿಗೆ ಪ್ರದಕ್ಷಿಣೆ ಹಾಕುವ ಹಾಗೆ ಎಲೆಕ್ಟ್ರಾನು ಗೊತ್ತಾದ ದಾರಿಯಲ್ಲೇ ಸುತ್ತುತ್ತದೆ ಎಂದಿದ್ದೆನಲ್ಲ, ಈಗಲೂ ಹಾಗೇ ಹೇಳಿಕೊಡು. ನಮ್ಮ ಪುಸ್ತಕ ಅಲ್ಲಿಗೆ ನಿಂತಿತ್ತು, ನಾನೂ ಅಲ್ಲಿಗೇ ನಿಂತಿದ್ದೆ. ಅವಳು ತಿರುಗಿ ಬರೆದಳು: ಆ ಮಾದರಿ ಹೋಗಿ ಬಹಳ ಕಾಲವಾಯಿತಂತೆ. ಎಲೆಕ್ಟ್ರಾನಿಗೆ ದಾರಿಯೇ ಇಲ್ಲ, ಮಂಜಿನ ಹಾಗೆ ಹರಡಿದೆ ಎನ್ನಬೇಕಂತೆ. ಮೈಯೆಲ್ಲ ಉರಿಯಿತು. ನನ್ನ ಪ್ರದಕ್ಷಿಣೆ ಚೆನ್ನಾಗೇ ಇತ್ತಲ್ಲೇ ಎಂದು ಕುಟ್ಟಿ ಕಳಿಸಿದೆ.

ತಕ್ಷಣ ಉತ್ತರ ಬಂತು: "ಮುದ್ದೆ ಅಂದೋರಿಗೂ ಚೆನ್ನಾಗೇ ಇತ್ತು ಮಿಸ್. ಕೂತ್ಕೊಳ್ಳಿ."