ಅರ್ಥ ಕೇಳದೆ ಬರೆಯದ ಪೇಂಟರ್ ನಬೀಸಾಬ್

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಯಶೋದಾಬಾಯಿ. ನನಗೆ ಇಂಗ್ಲಿಷ್ ಬರುತ್ತದೆ ಎಂಬ ಸೊಕ್ಕು ಬೇಕಾದಷ್ಟಿತ್ತು. ಅದನ್ನು ಇಳಿಸಿದವರು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ ದಾಟದ ಪೇಂಟರ್ ನಬೀಸಾಬ್.

ಲಾರಿಯಿರಲಿ, ಅಂಗಡಿಯಿರಲಿ, ನಬೀಸಾಬ್ ಬರೆದ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಆದರೆ ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲ. ಚೀಟಿ ನೋಡಿ, ಗಿಳಿ, ನವಿಲಿನ ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ತೊಂಬತ್ತೆರಡರಲ್ಲಿ ಅದರಿಂದ ಒಂದು ಎಡವಟ್ಟಾಯಿತು. ಹುಮನಾಬಾದಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಎರಡು ಹೊಸ ಟಾಕಿ ಕೂರಿಸಿದ್ದರು. ಒಂದರಲ್ಲಿ ಆ್ಯಸಿಡ್, ಇನ್ನೊಂದರಲ್ಲಿ ಕುಡಿಯುವ ನೀರು. ಎರಡಕ್ಕೂ ಇಂಗ್ಲಿಷ್ ಬೋರ್ಡು ಬರೆದು ನಬೀಸಾಬರೇ ನೇತುಹಾಕಿದರು, ಅದಲುಬದಲಾಗಿ. ಅಷ್ಟಿಷ್ಟು ಇಂಗ್ಲಿಷ್ ಓದಬಲ್ಲ ಕೂಲಿಯವನೊಬ್ಬ ಬೋರ್ಡು ನಂಬಿ ಆ್ಯಸಿಡ್ಡಿನ ನಳಕ್ಕೆ ಲೋಟ ಹಿಡಿದ. ವಾಸನೆ ಮೂಗಿಗೆ ಬಡಿದದ್ದರಿಂದ ಉಳಿದುಕೊಂಡ. ಬೇರೆಯವರು ನಕ್ಕು ಮರೆತರು, ನಬೀಸಾಬರಿಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ. ಆ ಭಾನುವಾರ ನನ್ನ ಮನೆ ಬಾಗಿಲಿಗೆ ಬಂದರು.

"ಟೀಚರ್, ಇನ್ನ ಮ್ಯಾಲ ಅರ್ಥ ಗೊತ್ತಿಲ್ದ ಒಂದು ಅಕ್ಷರಾನೂ ನಾ ಬರಿಯಂಗಿಲ್ರಿ. ನೀವು ಹೇಳ್ರಿ, ನಾ ಬರಕೋತೀನಿ."

ಅಂದಿನಿಂದ ಭಾನುವಾರ ಬಂತೆಂದರೆ ಚೀಟಿ ಹಿಡಿದು ಹಾಜರು. ಒಮ್ಮೆ ಡೇಂಜರ್, ಹಜಾರ್ಡ್, ರಿಸ್ಕ್ ಮೂರನ್ನೂ ಒಟ್ಟಿಗೆ ತಂದರು. ನಾನು ಮೂರಕ್ಕೂ 'ಅಪಾಯ' ಎಂದು ಹೇಳಿ ಚಹಾ ಮಾಡಲು ಎದ್ದೆ.

"ಮೂರಕ್ಕೂ ಒಂದೇ ಅರ್ಥ ಅಂದ್ರ ಇಂಗ್ಲಿಷ್ ಮಂದಿ ಮೂರು ಮಾತು ಯಾಕ ಇಟ್ಕೊಂಡಾರ್ರಿ? ಅವ್ರಿಗೇನು ಬ್ಯಾರೆ ಕೆಲಸ ಇದ್ದಿಲ್ಲೇನು?"

ನನಗೆ ಮೈಯೆಲ್ಲ ಉರಿಯಿತು. ಆದರೆ ಗೈಡಿನಲ್ಲಿದ್ದ ಸಮಾನಾರ್ಥಕ ಪದಗಳ ಪಟ್ಟಿಯನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದ್ದೆನೇ ಹೊರತು ನಾನೇ ಅದನ್ನು ಯೋಚಿಸಿ ನೋಡಿರಲಿಲ್ಲ. ಚಹಾ ಆರಿಹೋಗುವವರೆಗೆ ಇಬ್ಬರೂ ಕೂತು ಆ ಪಟ್ಟಿಯ ಒಂದೊಂದೇ ಮಾತು ಬಿಡಿಸಿದೆವು. ಚಾನ್ಸ್ ಎಂದರೆ ನಸೀಬು. ಗ್ಯಾಂಬಲ್ ಎಂದರೆ ಜೂಜು. ಡೇರ್ ಎಂದರೆ ಹಿಮ್ಮತ್ತು. ವೆಂಚರ್ ಎಂದರೆ ಕೈಯಲ್ಲಿದ್ದದ್ದನ್ನು ಸುರಿದು ಹೊಸ ಧಂದೆಗೆ ಇಳಿಯುವುದು. ಡೇಂಜರ್ ಎಂದರೆ ಎದುರಿಗೇ ನಿಂತ ಖತ್ರಾ, ಹಜಾರ್ಡ್ ಎಂದರೆ ಡ್ರಮ್ಮಿನೊಳಗೆ ಸುಮ್ಮನೆ ಕುಳಿತ ಖತ್ರಾ. ರಿಸ್ಕಿನ ಅರ್ಥವನ್ನು ನಬೀಸಾಬರೇ ಹೇಳಿದರು.

"ಇದಕ್ಕ ಜೋಖಂ ಅನ್ರಿ. ಖತ್ರಾ ಯಾರೂ ಇಲ್ದಿದ್ರೂ ಇರ್ತದ. ಜೋಖಂ ಹೊರಾಕ ಯಾರದಾರ ಹೆಗಲು ಬೇಕು."

ಮಾರನೆಯ ದಿನ ಕ್ಲಾಸಿನಲ್ಲಿ ಅದನ್ನು ನನ್ನದೇ ಮಾತು ಎಂಬಂತೆ ಹೇಳಿಕೊಟ್ಟೆ. ಕದ್ದ ಮಾಲು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ಸಾವಿರದ ಒಂದರ ಬೇಸಿಗೆ ರಜೆಯಲ್ಲಿ ತಂದ ಚೀಟಿಯೇ ಬೇರೆ. 'ಎಂಟರ್ ಅಟ್ ಯುವರ್ ಓನ್ ರಿಸ್ಕ್.' ಅದೇ ಕಾರ್ಖಾನೆಯ ಡ್ರಮ್ ತೊಳೆಯುವ ಶೆಡ್ಡಿನ ಬಾಗಿಲಿಗೆ ಹಾಕುವುದಂತೆ. ದುಬಲಗುಂಡಿಯಿಂದ ಬಸ್ಸಿಗೆ ಬರುವ ಹೆಣ್ಣುಮಕ್ಕಳು ಅಲ್ಲಿ ಬರಿಗೈಯಲ್ಲಿ ಡ್ರಮ್ ತೊಳೆಯುತ್ತಿದ್ದರು.

"ಒಳಗ ಹೋದವರ ಜೋಖಂ ಅವರದೇ ಅಂತ" ಎಂದೆ.

ನಬೀಸಾಬ್ ಚಹಾದ ಕಪ್ಪು ಕೆಳಗಿಟ್ಟರು. ವರ್ಷದ ಅರ್ಧ ಕೆಲಸ ಅವರಿಗೆ ಆ ಕಾರ್ಖಾನೆಯಿಂದಲೇ ಬರುತ್ತಿತ್ತು. ಬರೆಯುವುದಿಲ್ಲ ಎಂದರೆ ಅದಕ್ಕೆ ಕಲ್ಲು ಬೀಳುತ್ತದೆ. ಅರ್ಥ ಹೇಳಿದವಳು ನಾನು, ಮನೆಯಲ್ಲಿ ಹೇಗೆ ಕೂರಲಿ? ಮರುದಿನ ಅವರ ಜೊತೆ ನಾನೂ ಹುಮನಾಬಾದಿನ ಬಸ್ಸು ಹತ್ತಿದೆ.

ಬಿಳಿ ಬಣ್ಣ ಬಳಿದ ತಗಡು ಶೆಡ್ಡಿನ ಬಾಗಿಲಿಗೆ ಒರಗಿತ್ತು. ನಬೀಸಾಬ್ ಬ್ರಶ್ ಅದ್ದಲಿಲ್ಲ. ಹೆಣ್ಣುಮಕ್ಕಳನ್ನು ಹೊರಗೆ ಕರೆದು, ಏನು ಬರೆಯಬೇಕಾಗಿದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು.

ಅವರಲ್ಲಿ ಹಿರಿಯಳಾದ ಗಯಾಬಾಯಿ ಸಿಪ್ಪೆ ಎದ್ದ ಅಂಗೈ ಮುಂದೆ ಚಾಚಿದಳು. "ಹಂಗಂದ್ರ ಇದು ನಮ್ದೇ ತಪ್ಪು ಅಂತೇನಣ್ಣಾ?"

"ಬೋರ್ಡ್ ಬಿದ್ರ ಹಂಗೇ ಆಗ್ತದವ್ವ."

ಗಯಾಬಾಯಿ ಹೋಗಿ ಬೇವಿನ ಮರದ ಕೆಳಗೆ ಕುಳಿತಳು. ಉಳಿದವರೂ ಹೋಗಿ ಕುಳಿತರು.

ಮ್ಯಾನೇಜರ್ ಓಡಿ ಬಂದ. "ಬರಿಯಾಕ ಕರಿಸೀನಿ ನಿನಗ, ಭಾಷಣ ಮಾಡಾಕಲ್ಲ. ಇಲ್ಲಿ ಯಾರ ಕೈ ಸುಟ್ಟಾವ?"

ಅವನೆದುರು ಕೈ ಸುಟ್ಟ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ, ಅಷ್ಟೇ.

"ಸಾಹೇಬ್ರ," ಎಂದರು ನಬೀಸಾಬ್, ದನಿ ಏರಿಸದೆ, "ಒಳಗ ಖತ್ರಾ ಅದ ಅಂತ ಬರಸ್ರಿ, ರೋಡಿಗೆ ಕಾಣೋ ಹಂಗ ಬರೀತೀನಿ. ಜೋಖಂ ಮಾತ್ರ ಈ ಹೆಣ್ಮಕ್ಕಳ ಹೆಗಲಿಗೆ ನನ್ನ ಬ್ರಶ್ ಹೊರಸಂಗಿಲ್ರಿ."

ಸಂಜೆಯೊಳಗೆ ಡ್ರಮ್ ತೊಳೆದು ತುಂಬಿಸಿ ಕಳಿಸಬೇಕಿತ್ತು, ಲಾರಿ ಬಂದು ನಿಂತಿತ್ತು. ಮರದ ಕೆಳಗಿನಿಂದ ಯಾರೂ ಏಳಲಿಲ್ಲ. ಮಧ್ಯಾಹ್ನ ಮ್ಯಾನೇಜರ್ ಕಳಿಸಿದ ಜೀಪು ಪೇಟೆಗೆ ಹೋಗಿ, ಮೊಳಕೈವರೆಗಿನ ರಬ್ಬರ್ ಗ್ಲೌಸು, ಬೂಟು ಹೊತ್ತು ತಂದಿತು. ಗಯಾಬಾಯಿ ಗ್ಲೌಸು ತೊಟ್ಟು, ಬೆರಳು ಮಡಚಿ ಬಿಚ್ಚಿ ನೋಡಿ, ಆಮೇಲೆ ಒಳಗೆ ಹೋದಳು. ನಬೀಸಾಬ್ ಕೆಂಪು ಅಕ್ಷರದಲ್ಲಿ 'ಡೇಂಜರ್' ಎಂದು ಬರೆದರು. ನೇತುಹಾಕುವ ಮುಂಚೆ "ಇದೇ ಬಾಗಿಲಿಗೆ ಹೌದಲ್ರಿ ಟೀಚರ್?" ಎಂದು ಎರಡು ಸಲ ಕೇಳಿದರು.

"ಇದೇ ನಿನ್ನ ಕಡೀ ಬೋರ್ಡ್" ಎಂದ ಮ್ಯಾನೇಜರ್. ಆ ಮಾತು ಅವನು ಉಳಿಸಿಕೊಂಡ. ಮೂರು ವರ್ಷ ಹುಮನಾಬಾದಿನ ಯಾವ ಕಾರ್ಖಾನೆಯೂ ನಬೀಸಾಬರನ್ನು ಕರೆಯಲಿಲ್ಲ. ಹೈವೇ ಲಾರಿಗಳೇ ಅವರ ಮನೆಯ ಒಲೆ ಉರಿಸಿದವು.

ಅದು ಹೀಗೇ ಆಗುತ್ತದೆಂದು ಅಂದು ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಗೊತ್ತಿತ್ತು. ನನಗೆ ಅವರ ಮೇಲೆ ಹೆಮ್ಮೆ ಉಕ್ಕಿ ಬಂದಿತ್ತು. ಅದನ್ನು ನೆಟ್ಟಗೆ ಹೇಳಲು ಬಾರದೆ ಕೆಣಕಿದೆ.

"ಇವತ್ತು ಮಾಡಿದ್ದಕ್ಕ ಯಾವ ಮಾತು ಬರಕೋತೀರಿ ನಬೀಸಾಬ್? ಡೇರೋ, ಗ್ಯಾಂಬಲ್ಲೋ?"

ಅವರು ಸೀಮೆಎಣ್ಣೆ ಬಟ್ಟೆಯಿಂದ ಬೆರಳಿನ ಕೆಂಪು ಬಣ್ಣ ಒರೆಸಿಕೊಳ್ಳುತ್ತಿದ್ದರು. ತಲೆ ಎತ್ತಿ ನಕ್ಕರು.

"ಓನ್ ರಿಸ್ಕ್ ರಿ ಟೀಚರ್. ಹೆಗಲು ನಂದೇ ಅದ."