ಅಪ್ಪನ ಉಸಿರಿಗೊಂದು ಚಾರ್ಜರ್

ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪ ಕತ್ತಿನಲ್ಲಿ ಕೂರಿಸಿದ ನಳಿಕೆಯಿಂದ ಉಸಿರಾಡುತ್ತಿದ್ದ. ಅದರಲ್ಲಿ ಕಫ ಕಟ್ಟಿದರೆ ಬ್ಯಾಟರಿಯ ಸಣ್ಣ ಮೆಷಿನ್ ಹಚ್ಚಿ ಎಳೆದು ತೆಗೆಯಬೇಕಿತ್ತು. ತೊಗರ್ಸಿಯ ಬಯಲಿಗೆಲ್ಲ ಕೇಳುವಂತೆ ಕುರಿಗಳನ್ನು ಕೂಗಿ ಕರೆಯುತ್ತಿದ್ದವನು ಈಗ ನೀರು ಬೇಕಾದರೂ ಮಂಚದ ಪಟ್ಟಿ ಬಡಿಯುತ್ತಿದ್ದ. ಮೆಷಿನ್ ಹಿಡಿಯಲು ಅವ್ವನಿಗೆ ಭಯ. ಹಾಗಾಗಿ ನಾನು ಜಡೆ ಊರಿನ ಗಂಡನ ಮನೆಯಿಂದ ಬಂದು ನಿಂತಿದ್ದೆ.

ಒಂದು ದಿನ ವೋಲ್ಟೇಜ್ ಏರಿ ಮೆಷಿನ್ನಿನ ಚಾರ್ಜರ್ ಸುಟ್ಟುಹೋಯಿತು. ಶಿಕಾರಿಪುರದ ಅಂಗಡಿಯವನು, "ಇದು ಇಲ್ಲೆಲ್ಲೂ ಸಿಗಂಗಿಲ್ರೀ. ತರಿಸಿದ್ರೂ ಯಾವಾಗ ಬರ್ತೈತೋ," ಅಂದ.

"ನಾನೇ ಮಾಡ್ತೀನಿ," ಅಂದೆ. ಮದುವೆಗೆ ಮುಂಚೆ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದೆ.

"ಏನಾರ ಹೆಚ್ಚುಕಮ್ಮಿ ಆದ್ರೆ?" ಅಣ್ಣ ಕೇಳಿದ.

"ಸುಮ್ನೆ ಕೂತ್ರೂ ಆಗ್ತದೆ."

ಗುಜರಿಯಿಂದ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರ್ ತಂದೆ. ಅದರ ವೋಲ್ಟೇಜ್ ಬ್ಯಾಟರಿಗೆ ಜಾಸ್ತಿ. ತಗ್ಗಿಸಲು ಬೆಂಕಿಪೊಟ್ಟಣದಷ್ಟು ಅಗಲದ ಅಗ್ಗದ ಬೋರ್ಡು ಸಿಕ್ಕಿತು. ಮೀಟರ್ ನೋಡುತ್ತ ಅದರ ತಿರುಪನ್ನು ಚೂರುಚೂರೇ ತಿರುಗಿಸಿ, ಬ್ಯಾಟರಿಗೆ ಬೇಕಾದಷ್ಟಕ್ಕೆ ನಿಲ್ಲಿಸಿದೆ. ಎಲ್ಲವನ್ನೂ ಒಂದು ಟಿಫಿನ್ ಡಬ್ಬಿಯಲ್ಲಿಟ್ಟು, ಕಾಸಿದ ದಬ್ಬಣದಿಂದ ಗಾಳಿಗೆ ತೂತು ಹೊಡೆದೆ. ಮೆಷಿನ್ ಗುಂಯ್ ಎಂದಾಗ ಅಪ್ಪ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಆಮೇಲಾಮೇಲೆ ಅಂಗಳದವರೆಗೆ ಬಂದು ಕುರಿಮರಿಗಳ ಕಿವಿ ಸವರುವಷ್ಟಾದ.

ಹಳೆಯ ಚಾರ್ಜರ್ ಸುಟ್ಟಾಗಲೇ ಬ್ಯಾಟರಿಯೂ ಪೆಟ್ಟು ತಿಂದಿತ್ತು. ಕರೆಂಟ್ ಇರುವಾಗ ನನ್ನ ಚಾರ್ಜರೇ ಮೆಷಿನ್ ಓಡಿಸುತ್ತಿದ್ದರಿಂದ ಅದು ಯಾರಿಗೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆದರು. ಅಪ್ಪನಿಗೆ ಕಫ ಕಟ್ಟಿತು. ಮೆಷಿನ್ ಸ್ವಲ್ಪ ಎಳೆದು, ಗೊರಗೊರ ಅಂದು, ನಿಂತಿತು. ಸಿರಿಂಜ್ ಹಚ್ಚಿ ಕೈಯಿಂದ ಎಳೆದೆ. ಸಾಲಲಿಲ್ಲ. ಅಣ್ಣ ಗಾಡಿ ತಂದ. ಶಿಕಾರಿಪುರದ ದಾರಿಯುದ್ದಕ್ಕೂ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು, ಬೆರಳು ಸೀಟಿನ ಅಂಚು ಬಡಿಯುತ್ತಿತ್ತು. ಪೇಟೆ ಮುಟ್ಟುವ ಮೊದಲೇ ಆ ಬಡಿತ ನಿಂತುಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಎಲ್ಲರೆದುರಿಗೆ, "ನಿನ್ನ ಡಬ್ಬಿನೇ ಅಪ್ಪನ್ನ ತಿಂತು," ಅಂದ.

"ಬಾಯಿ ಮುಚ್ಚೋ," ಅಂದಳು ಅವ್ವ. ಆದರೆ ಅವಳೂ ನನ್ನ ಮುಖ ನೋಡಲಿಲ್ಲ. ನಾನು ಗಂಡನ ಮನೆಗೆಂದು ಸೊರಬದ ಬಸ್ಸು ಹತ್ತಿದೆ.

ದೀಪಾವಳಿಗೂ ತವರಿನಿಂದ ಕರೆ ಬರಲಿಲ್ಲ. ಅದಾದ ಮೇಲೊಮ್ಮೆ ಅಣ್ಣನೇ ಜಡೆಗೆ ಬಂದ. ಜಗುಲಿಯಲ್ಲಿ ಕೂತ, ಕೊಟ್ಟ ನೀರು ಮುಟ್ಟಲಿಲ್ಲ.

"ಮೆಷಿನ್ನು, ನಿನ್ನ ಡಬ್ಬಿ ಎಲ್ಲಾ ಅಂಗಡ್ಯಾಗ ತೋರ್ಸಿದೆ. ಬ್ಯಾಟರಿ ಒಳಗೇ ಸತ್ತಿತ್ತಂತೆ. ನಿಂದು ಸರಿ ಐತಂತೆ."

"ಗೊತ್ತು. ಅಪ್ಪ ಹೋದ ದಿನಾನೇ ಮೀಟರ್ ಇಟ್ಟು ನೋಡಿದ್ದೆ."

"ಮತ್ತೆ ಯಾಕ ಹೇಳಲಿಲ್ಲ?"

"ಹೇಳಿದ್ರೆ ಅಪ್ಪ ಎದ್ದು ಬರ್ತಿದ್ನಾ?"

ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನನಗೆ ಅಳು ಬರಲಿಲ್ಲ. ಊಟಕ್ಕೆ ಏಳು ಅನ್ನುವ ಮನಸ್ಸೂ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಕೊನೆಗೆ ಅವನೇ ಎದ್ದು ಹೋದ.